ಎರಡೇ ಸೀಟಿನ ಕಾರು, ನನ್ನ ಹುರುಳಿ

ಮೇಷ್ಟ್ರ ಕಾರು ಸುಟ್ಟದ್ದು ವೈರಿಂಗ್ ಕೆಟ್ಟಿದ್ದರಿಂದ ಅಲ್ಲ. ನಾನು ರಸ್ತೆಗೆ ಹರಡಿದ್ದ ಹುರುಳಿಯಿಂದ. ಆರು ವರ್ಷದಿಂದ ಊರೆಲ್ಲ ವೈರಿಂಗ್ ವೈರಿಂಗ್ ಅನ್ನುತ್ತಿದೆ. ನಾನೂ ಹೂಂ ಅಂದುಕೊಂಡು ಬಂದೆ. ಇನ್ನು ಸಾಕು.

ಹೋದ ವಾರ ಒಂದು ಮಧ್ಯಾಹ್ನ ಸೊಸೆ ಬಾಣಲೆಯಲ್ಲಿ ಹೊಸ ಹುರುಳಿ ಹುರಿಯುತ್ತಿದ್ದಳು. ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಒಳಗಿನಿಂದ ಹುರುಳಿ ಸೀದ ವಾಸನೆ ಬಂತು. ಹುರುಳಿ ಸೀದರೆ ಬೇರೆ ಯಾವ ಕಾಳಿನಂತೆಯೂ ಅಲ್ಲ, ಮಣ್ಣು ಸುಟ್ಟ ಹಾಗೆ, ಚಕ್ರದ ರಬ್ಬರು ಸುಟ್ಟ ಹಾಗೆ ಗಂಟಲಿಗೆ ಹಿಡಿಯುತ್ತದೆ. ಆ ವಾಸನೆ ಬಂದರೆ ನಾನು ಈಗಲೂ ಕೂತಲ್ಲಿ ಕೂರಲಾರೆ. ಬೈಯೋಣ ಅಂತ ಎದ್ದು ಹೋದೆ. ಸೊಸೆ ಫೋನು ಕಿವಿಗೆ ಹಿಡಿದುಕೊಂಡು ಒಲೆಗೆ ಬೆನ್ನು ಹಾಕಿ ನಿಂತಿದ್ದಳು.

“ಅತ್ತೆ, ಶ್ರೀರಂಗಪಟ್ಣದಿಂದ. ಮೇಷ್ಟ್ರು ಓಗ್ಬುಟ್ರಂತೆ” ಅಂದಳು.

ಒಲೆ ಆರಿಸಿದೆ. ಬಾಣಲೆ ಇಳಿಸಿದೆ. ಅಷ್ಟೇ ಮಾಡಿದ್ದು. ಅಳು ಬರಲಿಲ್ಲ. ನನಗೆ ಅಳು ಬರುವುದು ಕಡಿಮೆ. ಭಯ ಮಾತ್ರ ಬೇಗ ಬರುತ್ತದೆ...

ಮೇಷ್ಟ್ರು ನಮ್ಮ ಪಕ್ಕದ ಮನೆಯಲ್ಲಿದ್ದವರು. ನಾಗಮಂಗಲದಿಂದ ಪಾಂಡವಪುರಕ್ಕೆ ಹೋಗುವ ಟಾರು ರಸ್ತೆಯ ಅಂಚಿಗೇ ನಮ್ಮೂರು. ಊರಿನ ಸ್ಕೂಲಿಗೆ ಡ್ರಾಯಿಂಗ್ ಕಲಿಸಲು ಬಂದವರು, ರಿಟೈರಾದ ಮೇಲೂ ಆ ಬಾಡಿಗೆ ಮನೆ ಬಿಡಲಿಲ್ಲ. ಮದುವೆ ಆಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ದೇವಸ್ಥಾನದ ಕಡೆಯ ಮನೆತನ, ಅಲ್ಲಿ ಒಬ್ಬಳು ತಂಗಿ. ಮಾತು ಕಮ್ಮಿ, ಹಟ ಜಾಸ್ತಿ. ಯಾವ ವಿಷಯಕ್ಕೂ ಊರವರ ಹತ್ತಿರ ಸಲಹೆ ಕೇಳಿದವರಲ್ಲ, ಕೇಳಿದ್ದರೆ ಆ ಕಾರು ಮನೆಗೆ ಬರುತ್ತಲೇ ಇರಲಿಲ್ಲ.

ಅದು ಹಸಿರು ಬಣ್ಣದ ಕಾರು. ಯಾವುದೋ ದೇಶದ್ದು, ನಾನು ಹುಟ್ಟುವ ಮುಂಚಿನದು ಅನ್ನುತ್ತಿದ್ದರು. ಹೆಸರು ನನ್ನ ನಾಲಿಗೆಗೆ ಹೊರಳಲೇ ಇಲ್ಲ. ಮೈಸೂರಿನ ಯಾವುದೋ ಷೆಡ್ಡಿನಲ್ಲಿ ಕೋಳಿ ಕೂರಿಸಿದ್ದ ತಗಡನ್ನು ತಂದು ಹತ್ತು ಹನ್ನೊಂದು ವರ್ಷ ರಿಪೇರಿ ಮಾಡಿ ಮಾಡಿ ರಸ್ತೆಗೆ ಇಳಿಸಿದರು. ಮೂಗು ಉದ್ದ, ಹಿಂಭಾಗ ಮೊಟಕು, ಮೇಲೆ ಮುಚ್ಚಳವೇ ಇಲ್ಲ. ಎರಡೇ ಸೀಟು. ಈ ಎರಡೇ ಸೀಟು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ನನ್ನ ಗೋಳು ಇರುವುದೇ ಅಲ್ಲಿ.

ಇಂಥ ಕಾರು ಇಟ್ಟುಕೊಂಡವರು ಅದಕ್ಕೆ ಬಟ್ಟೆ ಹೊದಿಸಿ ಮನೆಯೊಳಗೆ ನಿಲ್ಲಿಸುತ್ತಾರಂತೆ, ಭಾನುವಾರ ಮಾತ್ರ ಆಚೆ ತೆಗೆಯುತ್ತಾರಂತೆ. ಮೇಷ್ಟ್ರು ದಿನಾ ಓಡಿಸುತ್ತಿದ್ದರು. ಹಾಲಿನ ಡೈರಿಗೆ, ರಾಗಿ ಮಿಲ್ಲಿಗೆ, ಪಾಂಡವಪುರದ ಸಂತೆಗೆ, ತಂಗಿಯ ಮನೆಗೆ, ಎಲ್ಲದಕ್ಕೂ ಅದೇ. ಸುಮ್ಮನೆ ಯಾಕೆ ಸವೆಸುತ್ತೀರಿ ಅಂತ ನಾನು ಒಮ್ಮೆ ಕೇಳಿದ್ದಕ್ಕೆ, ನೀವು ಹಸು ಕರೆಯದೆ ಬಿಟ್ಟರೆ ಏನಾಗುತ್ತೆ ಅಂದರು. ಬತ್ತಿ ಹೋಗುತ್ತೆ ಅಂದೆ. ಇದೂ ಹಾಗೇ ಅಂದರು. ನನಗೆ ಆ ಉತ್ತರ ಹಿಡಿಸಿತು. ಕಾರು ಹಿಡಿಸಲಿಲ್ಲ.

ಹಿಡಿಸದೆ ಇರಲು ಕಾರಣ ಬೇಕಾದಷ್ಟಿದ್ದವು. ಮಳೆಗೆ ಒಂದು ಕ್ಯಾನ್ವಾಸಿನ ಟೋಪಿ ಇತ್ತು, ಅದನ್ನು ಎಳೆದು ಗುಂಡಿ ಹಾಕುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು. ಜೋರಾಗಿ ಓಡಿಸಿದರೆ ಮಳೆ ತಲೆ ಮೇಲಿಂದ ಹಾರಿ ಹೋಗುತ್ತದೆ ಅನ್ನುವುದು ಮೇಷ್ಟ್ರ ಲೆಕ್ಕಾಚಾರ. ಹಂಪು ಬಂದರೆ ನಿಧಾನ ಮಾಡಲೇಬೇಕಲ್ಲ, ಒಂದೊಂದು ಹಂಪಿಗೂ ಒಂದು ಬೋಗುಣಿ ನೀರು ಮಡಿಲಿಗೆ ಬೀಳುತ್ತಿತ್ತು. ಬಿಸಿಲಲ್ಲಿ ನಿಲ್ಲಿಸಿದರೆ ಸೀಟು ಕಾದ ಕಾವಲಿ. ಅದಕ್ಕೆ ಗೋಣಿತಾಟು ಹಾಸುತ್ತಿದ್ದರು. ನೆರಳಲ್ಲಿ ನಿಲ್ಲಿಸಿದರೆ ಹಕ್ಕಿ ಹಿಕ್ಕೆ. ನಮ್ಮ ಮನೆಯ ಹೇಂಟೆ ಒಂದು ವಾರ ಅದರ ಸೀಟಿನಲ್ಲೇ ಮೊಟ್ಟೆ ಇಟ್ಟಿತು. ಮೇಷ್ಟ್ರು ದಿನಾ ಮೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು ನಮ್ಮ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು, ಒಂದು ಮಾತೂ ಆಡದೆ. ಕರಿಘಟ್ಟದ ದೇವಸ್ಥಾನಕ್ಕೆ ಹೋದಾಗ ಕೋತಿಗಳು ಬಂದು ಸೀಟಿನಲ್ಲಿ ಕೂತು ಹಣ್ಣುಕಾಯಿ ಪೂರ್ತಿ ತಿಂದು, ಹೋಗುವಾಗ ಗಾಳಿಗೆ ಹಾಕಿಕೊಳ್ಳುವ ಅವರ ಕಪ್ಪು ಕನ್ನಡಕವನ್ನೂ ಹೊತ್ತುಕೊಂಡು ಹೋದವಂತೆ.

ನಾನು ಆ ಕಾರಿನಲ್ಲಿ ಕೂತದ್ದು ಒಂದೇ ಸಲ. ಸಿಂಧಘಟ್ಟದಲ್ಲಿ ನನ್ನ ಅಕ್ಕ ಹುಷಾರಿಲ್ಲದೆ ಮಲಗಿದ್ದಳು, ಬಸ್ಸು ತಪ್ಪಿತ್ತು, ಮೇಷ್ಟ್ರು ಕೆ.ಆರ್. ಪೇಟೆಗೆ ಹೊರಟಿದ್ದರು. ಹತ್ತುವುದು ಅನ್ನುವ ಮಾತೇ ಇಲ್ಲ, ಅದರೊಳಕ್ಕೆ ಇಳಿಯಬೇಕು, ಮಣೆ ಮೇಲೆ ಕೂತ ಹಾಗೆ. ಕೂತರೆ ನಾಯಿಗಳ ಮುಖಕ್ಕೆ ಮುಖ. ಕಬ್ಬಿನ ಲಾರಿ ಪಕ್ಕದಲ್ಲಿ ಬಂದರೆ ಅದರ ಚಕ್ರ ನನ್ನ ತಲೆಗಿಂತ ಎತ್ತರ. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡೆ. ಕಾಲಿನ ಹತ್ತಿರ ಎಂಜಿನ್ನಿನ ಕಾವು, ಬೆನ್ನಿಗೆ ರಸ್ತೆಯ ಒಂದೊಂದು ಕಲ್ಲೂ ಲೆಕ್ಕಕ್ಕೆ ಸಿಗುತ್ತಿತ್ತು. ದಾರಿ ಪೂರ್ತಿ ದೇವರ ಹೆಸರು ಹೇಳಿಕೊಂಡು ಕೂತಿದ್ದೆ. ಆದರೆ ಸುಳ್ಳು ಹೇಳಲಾರೆ. ಅದರಲ್ಲಿ ಕೂತರೆ ಊರು ಮೂಗಿಗೆ ಬರುತ್ತದೆ. ಆಲೆಮನೆಯ ಬೆಲ್ಲದ ಪಾಕ, ನೀರು ಕಟ್ಟಿದ ಗದ್ದೆ, ಯಾರದೋ ಹಟ್ಟಿಯ ಗಂಜಲ, ಯಾರದೋ ಮನೆಯ ಒಗ್ಗರಣೆ... ಬಸ್ಸಿನಲ್ಲಿ ಅದೇ ದಾರಿಯಲ್ಲಿ ನೂರು ಸಲ ಹೋಗಿದ್ದೆ, ಇದೊಂದೂ ಗೊತ್ತಿರಲಿಲ್ಲ. ಇಳಿಯುವಾಗ ನನ್ನ ಮೊಣಕಾಲು ಹಿಡಿದುಕೊಂಡಿತ್ತು, ಮೇಷ್ಟ್ರೇ ಕೈ ಕೊಟ್ಟು ಎತ್ತಬೇಕಾಯಿತು. ಇನ್ನೊಂದು ಸಲ ಕರೆಯಬೇಡಿ ಅಂದೆ. ಅವರು ಕರೆಯಲೂ ಇಲ್ಲ.

ಆಮೇಲೆ ನನ್ನ ಗಂಡನ ಕಿಡ್ನಿ ಕೈ ಕೊಟ್ಟಿತು.

ವಾರಕ್ಕೆ ಎರಡು ಸಲ, ಮಂಗಳವಾರ ಶುಕ್ರವಾರ, ಪಾಂಡವಪುರದ ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಹಾಕಿಸಬೇಕು ಅಂದರು. ನಾಲ್ಕು ಗಂಟೆ ಮಲಗಿಸಿ ರಕ್ತವನ್ನೆಲ್ಲ ಹೊರಗೆ ತೆಗೆದು ತೊಳೆದು ಒಳಗೆ ಕಳಿಸುತ್ತಾರೆ. ಒಂದು ಸಲ ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟುತ್ತದೆ. ಮಗ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಲಿನ ವ್ಯಾನು ಓಡಿಸುವವನು. ಸೊಸೆ ಬಾಣಂತಿ. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ನನ್ನ ಗಂಡ ಮೊದಲಿಂದಲೂ ಮುಚ್ಚಿದ ಗಾಡಿಯಲ್ಲಿ ವಾಂತಿ ಮಾಡುವವನು. ಮದುವೆ ದಿಬ್ಬಣದಲ್ಲೇ ವ್ಯಾನು ನಿಲ್ಲಿಸಿ ವಾಂತಿ ಮಾಡಿದ ಗಂಡು ಅವನು. ಮೆಷಿನ್ನಿನಿಂದ ಎದ್ದ ಮೇಲಂತೂ ಜೀವ ಅರ್ಧ ಆಗಿರುತ್ತಿತ್ತು. ಮೂರನೇ ಸಲ ಬಸ್ಸಿನ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದ. ನಾಲ್ಕನೇ ಸಲಕ್ಕೆ ಇನ್ನು ನಾನು ಬರಲ್ಲ ಅಂತ ಕಂಬಳಿ ಹೊದ್ದುಕೊಂಡು ಮಲಗಿಬಿಟ್ಟ. ಏನಾದರೂ ಆಗಲಿ, ಇಲ್ಲೇ ಸಾಯುತ್ತೇನೆ ಅಂದ.

ಮೇಷ್ಟ್ರು ಗೋಡೆಯ ಆ ಕಡೆಯಿಂದ ಕೇಳಿಸಿಕೊಂಡಿರಬೇಕು. ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಒಳಗೆ ಬಂದವರು ನನ್ನ ಗಂಡನಿಗೆ ಒಂದು ಮಂಕಿ ಕ್ಯಾಪು ಹಾಕಿ, ತಮ್ಮ ಇನ್ನೊಂದು ಕಪ್ಪು ಕನ್ನಡಕ ಏರಿಸಿ, ತೋಳು ಹಿಡಿದು ಕರೆದುಕೊಂಡು ಹೋಗಿ ಸೀಟಿಗೆ ಇಳಿಸಿದರು. ನಾನು ಹಿಂದೆಯೇ ಫೈಲು, ನೀರಿನ ಬಾಟಲಿ ಹಿಡಿದುಕೊಂಡು ಓಡಿದೆ. ಎಲ್ಲಿ ಕೂರಲಿ?

“ನಿಮಗೆ ಜಾಗ ಇಲ್ಲವಲ್ಲಮ್ಮ” ಅಂದರು ಮೇಷ್ಟ್ರು. ಅಂದವರೇ ಫೈಲು ಇಸಿದುಕೊಂಡು ಹೊರಟರು.

ಆ ದಿನ ಗಂಡ ವಾಂತಿ ಮಾಡಲಿಲ್ಲ. “ಮೂಗ್ಗೆ ಗಾಳಿ ಒಡೀತಾ ಇದ್ರೆ ಒಟ್ಟೆ ಸುಮ್ನಿರ್ತದೆ ಕಣಮ್ಮಿ” ಅಂದ. ಮುಂದಿನ ಸಲ ತಾನೇ ಟೋಪಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಎದುರಿನ ಟೀ ಅಂಗಡಿಯವನು, “ಏನಣ್ಣೋ, ಮೆರವಣ್ಗೆ ಯಾವೂರ್ಗೆ?” ಅಂತ ರೇಗಿಸಿದರೆ, “ನಿಮ್ಮಾವನ್ ಮನ್ಗೆ ಕಣ್ಲಾ, ನಿಂಗೂ ಎಣ್ಣು ನೋಡ್ಕಂಡ್ ಬತ್ತೀನಿ” ಅನ್ನುತ್ತಿದ್ದ. ಸಾಯುತ್ತೇನೆ ಅಂದ ಮನುಷ್ಯ. ಆ ಕಾರು ಉಪಯೋಗಕ್ಕೆ ಬಾರದ್ದು ಅಂತ ನಾನು ಹೇಳುವುದನ್ನು ಅಲ್ಲಿಗೆ ನಿಲ್ಲಿಸಿದೆ.

ಹಾಗೆ ಒಂದು ವರ್ಷಕ್ಕೂ ಮೇಲೆ ನಡೆಯಿತು. ಒಂಬತ್ತಕ್ಕೆ ಹೊರಡುವರು, ಸಾಯಂಕಾಲ ನಾಲ್ಕರ ಹೊತ್ತಿಗೆ ಬರುವರು. ಹೋದ ದಿನವೆಲ್ಲ ನಾನು ಅರ್ಧ ಹೆಣ. ಮನೆಯ ಮುಂದೆ ಮೋರಿ ಕಟ್ಟೆ, ಅದರ ಪಕ್ಕ ಹೊಂಗೆ ಮರ. ಅಲ್ಲಿ ಕೂತರೆ ತಿರುವಿನವರೆಗೂ ರಸ್ತೆ ಕಾಣುತ್ತದೆ. ಮೆಷಿನ್ನು ಕೆಟ್ಟಿತೇ, ರಕ್ತ ನಿಲ್ಲಲಿಲ್ಲವೇ, ಕಬ್ಬಿನ ಲಾರಿ ಕೆಳಗೆ ಆ ಪುಟ್ಟ ಕಾರು ನುಗ್ಗಿ ಹೋಯಿತೇ, ಇದೇ ಯೋಚನೆ. ಓಡಿಸುವಾಗ ಮೇಷ್ಟ್ರು ಫೋನು ಮುಟ್ಟುತ್ತಿರಲಿಲ್ಲ. ನನ್ನ ಗಂಡನಿಗೆ ಆ ಗಾಳಿಯಲ್ಲಿ ಫೋನು ಬಡಿದುಕೊಂಡರೂ ಕೇಳಿಸುತ್ತಿರಲಿಲ್ಲ. ಕಡೆಗೆ ತಿರುವಿನಲ್ಲಿ ಅದರ ಗುಡುಗುಡು ಕೇಳಿದರೆ ಎದ್ದು ನಿಲ್ಲುವೆ. ಗಂಡ ಇಳಿದ ತಕ್ಷಣ ಅವನ ಎಡಗೈ ಮುಟ್ಟಿ ನೋಡುವೆ. ಮೆಷಿನ್ನಿನ ಸೂಜಿ ಚುಚ್ಚಲಿಕ್ಕೆ ಅಂತ ಆ ಕೈಯಲ್ಲಿ ನರ ಸೇರಿಸಿ ಹೊಲಿದಿದ್ದರು, ಬೆರಳಿಟ್ಟರೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿತ್ತು. ಗುಂಯ್ ಅಂದರೆ ಸರಿ ಇದೆ ಅಂತ. ಅದು ನಿಂತರೆ ಎಲ್ಲ ನಿಂತ ಹಾಗೆ. ಆ ಕೈಗೆ ಏಟು ಬೀಳಬಾರದು, ಯಾರೂ ಹಿಡಿದು ಎಳೆಯಬಾರದು.

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಗಂಡನ ಕಡೆಗಾಲದಲ್ಲಿ ಅವನನ್ನು ನನಗಿಂತ ಹೆಚ್ಚು ನೋಡಿದವರು ಮೇಷ್ಟ್ರು. ನನಗೆ ಅದಕ್ಕೆ ಋಣ ಇದ್ದಷ್ಟೇ ಹೊಟ್ಟೆಕಿಚ್ಚೂ ಇತ್ತು. ಇಬ್ಬರೂ ಬರುವಾಗ ದಾರಿಯಲ್ಲಿ ಒಂದು ಕಡೆ ಟೀಗೆ ನಿಲ್ಲಿಸುತ್ತಿದ್ದರು. ನೀರು ಅಳೆದು ಕುಡಿಯಬೇಕಾದ ಮನುಷ್ಯನಿಗೆ ಆ ಅರ್ಧ ಲೋಟ ಟೀ ಹಬ್ಬ. ನಾನು ಮೋರಿಯ ಮೇಲೆ ಕೂತು ಸಾಯುತ್ತಿದ್ದರೆ ಇವರು ಅಲ್ಲಿ ಟೀ ಹೀರಿಕೊಂಡು ಕೂತಿರುತ್ತಾರಲ್ಲ ಅಂತ ನನಗೆ ಉರಿಯುತ್ತಿತ್ತು.

ಈಗ ಹುರುಳಿಯ ಕಥೆ. ನಮ್ಮ ಕಡೆ ಕಣ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಹುರುಳಿಯನ್ನೋ ರಾಗಿಯನ್ನೋ ಕಿತ್ತು ತಂದು ಒಣಗಿಸಿ ಟಾರು ರಸ್ತೆಯ ಮೇಲೆ ಹರಡುತ್ತೇವೆ. ಬಸ್ಸು, ಲಾರಿ, ಟ್ರಾಕ್ಟರು ಅದರ ಮೇಲೆ ಹರಿದು ಹರಿದು ಕಾಳು ಬಿಡಿಸಿ ಕೊಡುತ್ತವೆ. ಎತ್ತು ಬೇಡ, ರೋಣಗಲ್ಲು ಬೇಡ, ಆಳು ಬೇಡ. ಪ್ರತಿ ಮನೆಗೂ ರಸ್ತೆಯಲ್ಲಿ ಅವರವರದೇ ಜಾಗ, ಎರಡು ಕಡೆಗೂ ಗಡಿಗೆ ಒಂದೊಂದು ಕಲ್ಲು. ಗಾಡಿ ಹೋದ ಮೇಲೆ ಕವೆಗೋಲಿನಲ್ಲಿ ತಿರುವಿ ಹಾಕುತ್ತೇವೆ. ತಪ್ಪು ಅಂತ ಪೊಲೀಸಿನವರು ಹೇಳುತ್ತಾರೆ, ನಾವು ಹೂಂ ಅನ್ನುತ್ತೇವೆ, ಅವರ ಜೀಪೂ ಅದರ ಮೇಲೆಯೇ ಹೋಗುತ್ತದೆ.

ಮೇಷ್ಟ್ರ ಕಾರಿಗೆ ಇದು ಆಗುತ್ತಿರಲಿಲ್ಲ. ಅದರ ಹೊಟ್ಟೆ ನೆಲಕ್ಕೆ ಒಂದು ಗೇಣು. ಹೊಟ್ಟೆಯ ಅಡಿಯಲ್ಲಿ ತಿರುಗುವ ರಾಡು, ಕಾದ ಸೈಲೆನ್ಸರು. ಬಳ್ಳಿ ಸುತ್ತಿಕೊಂಡರೆ ಅಪಾಯ ಅಂತ ಮನೆ ಮನೆಗೂ ಹೇಳಿ ಬಂದರು. ಯಾರೂ ಕೇಳಲಿಲ್ಲ, ಅವರೂ ಬೇಸರ ಮಾಡಿಕೊಳ್ಳದೆ ಎಲ್ಲರ ಹುರುಳಿಯನ್ನೂ ತಪ್ಪಿಸಿ, ಕಾರನ್ನು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿಕೊಂಡು ಹೋಗುತ್ತಿದ್ದರು. ನಮ್ಮ ಜಾಗದಲ್ಲಿ ಮಾತ್ರ ಮಣ್ಣಿಲ್ಲ, ಮೋರಿ ಇದೆ. ಹಾಗಾಗಿ ನಾನು ಮಾತು ಕೊಟ್ಟಿದ್ದೆ. ಮಂಗಳವಾರ, ಶುಕ್ರವಾರ ಮೂರೂವರೆಯೊಳಗೆ ಎಲ್ಲ ಎಳೆದು ಪಕ್ಕಕ್ಕೆ ಹಾಕಿರುತ್ತೇನೆ, ಉಳಿದರೂ ಪುಡಿ ಹೊಟ್ಟು ಉಳಿದಿರುತ್ತದೆ, ಧೈರ್ಯವಾಗಿ ಬನ್ನಿ ಅಂತ. ಮೊದಲ ವರ್ಷ ಹಾಗೇ ನಡೆಸಿದೆ. ಎರಡನೇ ವರ್ಷವೂ ನಡೆಸುತ್ತಿದ್ದೆ.

ಕಾರು ಸುಟ್ಟ ದಿನಕ್ಕೆ ಹಿಂದಿನ ಮೂರು ಸಲ ಅವರು ತಡವಾಗಿ ಬಂದಿದ್ದರು. ಐದು, ಐದೂವರೆ, ಒಂದು ದಿನ ಆರು. ಶುಕ್ರವಾರ ನಾನು ತಡೆಯಲಾರದೆ ರಸ್ತೆಯಲ್ಲೇ ಮೇಷ್ಟ್ರನ್ನು ಬೈದೆ.

“ನಿಮ್ಗೇನ್ ಸ್ವಾಮಿ, ಗಾಳಿ ಕುಡ್ಕಂಡ್ ಟೀ ಕುಡ್ಕಂಡ್ ಬತ್ತೀರಿ. ಇಲ್ಲಿ ಕಾಯೋಳು ನಾನು. ಮನ್ಸುರು ಅನ್ಕಂಡಿದ್ದೀರೋ ಮೋರಿ ಕಲ್ಲು ಅನ್ಕಂಡಿದ್ದೀರೋ?”

ಮೇಷ್ಟ್ರು ತಲೆ ತಗ್ಗಿಸಿಕೊಂಡು ಕಾರು ಷೆಡ್ಡಿಗೆ ಹಾಕಿದರು. ಮೆಷಿನ್ನು ತಡವಾದದ್ದು ಅವರ ತಪ್ಪಲ್ಲ ಅಂತ ನನ್ನ ಗಂಡ ಹೇಳಿದ. ನಾನು ಕೇಳಲಿಲ್ಲ.

ಮಂಗಳವಾರ ಬಂತು. ಹುರುಳಿ ಚೆನ್ನಾಗಿ ಒಣಗಿತ್ತು. ಆದರೆ ಮೋಡ ಕಟ್ಟುತ್ತಿತ್ತು. ರಾತ್ರಿ ಹನಿ ಬಿದ್ದರೆ ಕಾಳೆಲ್ಲ ಕಪ್ಪಾಗುತ್ತದೆ ಅಂತ, ಎರಡು ದಿನಕ್ಕೆ ಹರಡಬೇಕಾದ್ದನ್ನು ಒಂದೇ ದಿನಕ್ಕೆ ಮಂಡಿಯುದ್ದ ಹರಡಿದೆ. ಮೂರೂವರೆ ಆಯಿತು. ಸೊಸೆ ಒಳಗಿನಿಂದ, “ಅತ್ತೆ, ಎಳೀಬೇಕಲ್ವಾ?” ಅಂತ ಕೂಗಿದಳು. ದೂರದಲ್ಲಿ ಕಬ್ಬಿನ ಲಾರಿಯ ಸದ್ದು ಕೇಳಿಸುತ್ತಿತ್ತು. ಭಾರದ ಲಾರಿ ಒಂದು ಹರಿದರೆ ಹತ್ತು ಬಸ್ಸಿಗೆ ಸಮ. ಇವರು ಬರುವುದು ಹೇಗೂ ಐದಕ್ಕೆ.

“ಇರು, ಇನ್ನೊಂದ್ ಲಾರಿ ಓಗ್ಲಿ” ಅಂದೆ.

ಇಷ್ಟೇ ನಾನು ಮಾಡಿದ್ದು. ಇಷ್ಟನ್ನೇ ಆರು ವರ್ಷದಿಂದ ಹೊತ್ತುಕೊಂಡಿದ್ದೇನೆ.

ಲಾರಿ ನಾಗಮಂಗಲದ ಕಡೆಯಿಂದ ಬಂತು. ಅದೇ ಹೊತ್ತಿಗೆ ಪಾಂಡವಪುರದ ಕಡೆಯ ತಿರುವಿನಲ್ಲಿ ಗುಡುಗುಡು. ಕವೆಗೋಲು ಎತ್ತಿ ಬೇಡ ಬೇಡ ಅಂತ ಬೀಸಿದೆ. ನನ್ನ ಗಂಡ ನಾನು ಖುಷಿಗೆ ಕೈ ಬೀಸುತ್ತಿದ್ದೇನೆ ಅಂದುಕೊಂಡು ತಾನೂ ಕೈ ಬೀಸಿದ. ಎದುರಿಗೆ ಲಾರಿ, ಪಕ್ಕಕ್ಕೆ ಮೋರಿ. ಮೇಷ್ಟ್ರು ಹುರುಳಿ ನೋಡಿದರು, ಆದರೆ ನಿಲ್ಲಿಸಲಿಲ್ಲ. ಯಾಕೆ ನಿಲ್ಲಿಸುತ್ತಾರೆ? ಮಂಗಳವಾರ, ಮೂರೂವರೆ ದಾಟಿತ್ತು, ನಾನು ಮಾತು ಕೊಟ್ಟಿದ್ದೆ. ಇರುವುದು ಬರೀ ಹೊಟ್ಟು ಅಂದುಕೊಂಡು ಸೀದಾ ನುಗ್ಗಿಸಿದರು.

ಕಾರು ಹುರುಳಿಯೊಳಗೆ ಮುಳುಗಿ ಈ ಕಡೆ ಎದ್ದಿತು. ಹೊಟ್ಟೆಯ ಕೆಳಗೆ ಒಂದು ಹೊರೆ ಬಳ್ಳಿ ನೇತಾಡುತ್ತಿತ್ತು. ಮನೆಯ ಮುಂದೆ ಬಂದು ನಿಂತಾಗ ಮೊದಲು ಹೊಗೆ. ಆಮೇಲೆ ಆ ಸೀದ ವಾಸನೆ. ಆಮೇಲೆ ಬಾಗಿಲ ಕೆಳಗಿನಿಂದ ಬೆಂಕಿ ನಾಲಿಗೆ ಹಾಕಿತು... ಮೇಷ್ಟ್ರು ತಮ್ಮ ಕಡೆಯಿಂದ ಹಾರಿದರು. ನನ್ನ ಗಂಡನಿಗೆ ಏಳಲು ಆಗದು, ಆ ತಗ್ಗಿನ ಸೀಟಿನಿಂದ ಅವನು ಒಂದು ದಿನವೂ ತಾನಾಗಿ ಎದ್ದವನಲ್ಲ. ಅವನ ಕಡೆಯ ಬಾಗಿಲಿಗೇ ಬೆಂಕಿ. ಮೇಷ್ಟ್ರು ಹಿಂದಿನಿಂದ ಕಾರಿನ ಮೇಲೆ ಹತ್ತಿ ಎರಡು ಕಂಕುಳಿಗೆ ಕೈ ಹಾಕಿದರು. ಟೀ ಅಂಗಡಿಯವನು ಓಡಿ ಬಂದು ಎಡಗೈಗೆ ಕೈ ಹಾಕಿದ.

“ಆ ಕೈ ಬ್ಯಾಡ ಕಣ್ಲಾ, ಬಲಗೈ ಇಡ್ಕೊ” ಅಂದೆ.

ಇಬ್ಬರೂ ಸೇರಿ ಅವನನ್ನು ಬಾವಿಯಿಂದ ಕೊಡ ಸೇದಿದ ಹಾಗೆ ನೆಟ್ಟಗೆ ಮೇಲಕ್ಕೆ ಎತ್ತಿದರು. ಮೇಲೆ ತಗಡು ಇಲ್ಲದ್ದಕ್ಕೇ ಅವನು ಉಳಿದ. ಮುಚ್ಚಿದ ಕಾರಾಗಿದ್ದರೆ ಅಲ್ಲೇ ಬೇಯುತ್ತಿದ್ದ. ಜಗಲಿಯ ಮೇಲೆ ಮಲಗಿಸಿದರು. ಸುತ್ತಲಿನವರು ಬೆಂಕಿ ನೋಡುತ್ತಿದ್ದರು. ನಾನು ಅವನ ಎಡಗೈ ಹಿಡಿದುಕೊಂಡು ಕೂತಿದ್ದೆ. ಬೆರಳಿಗೆ ಗುಂಯ್ ಅನ್ನುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕೈಯನ್ನು ಕೆನ್ನೆಗೆ ಒತ್ತಿಕೊಂಡೆ. ಅನ್ನುತ್ತಿತ್ತು.

ಕಾರು ಪೂರ್ತಿ ಸುಟ್ಟಿತು. ಮರಳು ಹಾಕಿದರು, ನೀರು ಹಾಕಿದರು, ಏನೂ ಆಗಲಿಲ್ಲ. ಊರಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಅವರವರ ಹುರುಳಿ ಎಳೆದು ಒಳಗೆ ಸಾಗಿಸಿದರು. ನಮ್ಮದನ್ನೂ ಯಾರೋ ಎಳೆದರು. ಪೊಲೀಸಿನವರು ಬಂದು ಏನಾಯಿತು ಅಂದರು. ನಾನು ಎದ್ದೆ. ಬಾಯಿ ತೆರೆಯುವ ಮುಂಚೆ ಮೇಷ್ಟ್ರು ಮುಂದೆ ಬಂದರು.

“ಹಳೇ ಗಾಡಿ. ವೈರಿಂಗ್ ಬದಲಾಯಿಸಬೇಕಿತ್ತು, ನಾನೇ ಉದಾಸೀನ ಮಾಡಿದೆ” ಅಂದರು.

ನನ್ನ ಕಡೆ ಒಂದೇ ಸಲ ನೋಡಿದರು. ನೇತಾಡುತ್ತಿದ್ದ ಬಳ್ಳಿಯನ್ನು ಅವರು ನೋಡಿದ್ದರು. ನಾನು ಮತ್ತೆ ಕೂತುಕೊಂಡೆ.

ಸಂಜೆ ಗಂಡ ಹೇಳಿದ, “ನೀನ್ ಬೈದಿದ್ಕೇ ಇವತ್ತು ಟೀಗೂ ನಿಲ್ಲಿಸ್ಲಿಲ್ಲ ಕಣಮ್ಮಿ. ಪಾಪ ಕಾಯ್ತಾ ಕುಂತಿರ್ತಾರೆ ಅಂತ ಒಂದೇ ಸಮ ಓಡ್ಸ್ಕಂಡ್ ಬಂದ್ರು.” ಆಮೇಲೆ, “ಶುಕ್ರವಾರ ಎಂಗ್ ಓಗೋದು?” ಅಂದ. ಅಷ್ಟೇ. ಹುರುಳಿಯ ಮಾತು ಎತ್ತಲಿಲ್ಲ.

ಶುಕ್ರವಾರ ಮೇಷ್ಟ್ರೇ ಒಂದು ಲಗೇಜು ಆಟೋ ಗೊತ್ತು ಮಾಡಿಕೊಂಡು ಬಂದರು. ಹಿಂದೆ ತೆರೆದ ತೊಟ್ಟಿ, ಅದರಲ್ಲಿ ಹಾಸಿಗೆ ಮಡಿಸಿ ಹಾಕಿ, ನನ್ನ ಗಂಡನಿಗೆ ಟೋಪಿ ಹಾಕಿ ಕೂರಿಸಿದರು. ಪಕ್ಕದಲ್ಲಿ ತಾವು ಕೂತರು. “ಈಗ ನಿಮಗೂ ಜಾಗ ಇದೆ, ಬನ್ನಿ” ಅಂದರು. ನಾನು ಹತ್ತಿದೆ. ಅವರ ಮುಖ ನೋಡಲಿಲ್ಲ. ಆ ಆಟೋ ಅವರ ಕಾರಿಗಿಂತ ಎಲ್ಲ ರೀತಿಯಲ್ಲೂ ಅನುಕೂಲ. ಹತ್ತುವುದು ಸುಲಭ, ಮೂವರಿಗೂ ಜಾಗ, ಹುರುಳಿಯ ಮೇಲೂ ಹೋಗುತ್ತದೆ. ನನ್ನ ಗಂಡನಿಗೆ ಮಾತ್ರ ಅದರಲ್ಲಿ ನಗು ಬರಲಿಲ್ಲ. ಟೀ ಅಂಗಡಿಯವನೂ ಮೆರವಣಿಗೆ ಅನ್ನುವುದನ್ನು ಬಿಟ್ಟ.

ಹಾಗೇ ಒಂದು ವರ್ಷ ಮೂರು ತಿಂಗಳು ಬದುಕಿದ. ಹೋಗುವ ಮುಂಚೆ ಒಂದು ದಿನ ತಾನಾಗಿ ಅಂದ, “ಮೇಷ್ಟ್ರತ್ರ ಉರುಳಿ ಮಾತು ಏಳ್ಬುಡು ಕಣಮ್ಮಿ. ಕಲ್ಲು ನಿಂದು, ಒತ್ಕಂಡಿರೋರು ಅವ್ರು.” ನಾಳೆ ಹೇಳುತ್ತೇನೆ ಅಂದೆ. ಅವನು ಹೋದ ಎರಡು ತಿಂಗಳಿಗೆ ಮೇಷ್ಟ್ರು ಮನೆ ಖಾಲಿ ಮಾಡಿ ತಂಗಿಯ ಮನೆಗೆ ಹೊರಟರು. ಸಾಮಾನು ಹಾಕಿದ ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತು ಗಾಜು ಇಳಿಸಿಕೊಂಡು, ಬರ್ತೀನಮ್ಮ ಅಂದರು. ಆಗಲೂ ಹೇಳಬಹುದಿತ್ತು. ಟೆಂಪೋ ನಿಂತೇ ಇತ್ತು...

ಫೋನು ಬಂದ ಮೇಲೆ ಒಂದು ದಿನ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಒಬ್ಬಳೇ ಹೋದೆ. ದೇವಸ್ಥಾನದ ಹಿಂದಿನ ಗಲ್ಲಿ, ಕಿರಿದಾದ ಮನೆ. ಮೇಷ್ಟ್ರ ತಂಗಿ ನನ್ನನ್ನು ಗುರುತು ಹಿಡಿದು ಚಾಪೆ ಹಾಕಿದರು, ಕಾಫಿ ತಂದಿಟ್ಟರು. ಗೋಡೆಯ ಮೊಳೆಗೆ ಆ ಕಾರಿನ ಕೀ ತೂಗುತ್ತಿತ್ತು. ಕಾರೇ ಇಲ್ಲದ ಕೀ, ಎಣ್ಣೆ ಹಚ್ಚಿ ಒರೆಸಿ ಇಟ್ಟ ಹಾಗೆ ಹೊಳೆಯುತ್ತಿತ್ತು.

ಆಕೆ ತಾನಾಗಿಯೇ ಹೇಳಿಕೊಂಡರು. ಇಲ್ಲಿಗೆ ಬಂದ ಮೇಲೆ ಅಣ್ಣ ಹೊರಗೇ ಹೋಗುತ್ತಿರಲಿಲ್ಲವಂತೆ. ಯಾರಾದರೂ ಕಾರಿನಲ್ಲಿ ಕರೆದರೆ ಉಸಿರು ಕಟ್ಟುತ್ತೆ ಅನ್ನುತ್ತಿದ್ದರಂತೆ. ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ಹೋಗುವ ಬರುವ ಗಾಡಿಗಳ ಸದ್ದು ಕೇಳುತ್ತಿದ್ದರಂತೆ.

“ನಾನೂ ಬಿಡ್ತಿರಲಿಲ್ಲ. ಅಷ್ಟು ವರ್ಷ ಕಷ್ಟಪಟ್ಟು ಮಾಡಿ, ಒಂದು ವೈರು ಬದಲಾಯಿಸೋಕೆ ಸೋಮಾರಿತನ ಮಾಡಿದೆಯಲ್ಲೋ, ಒಬ್ಬರ ಜೀವ ಹೋಗ್ತಿತ್ತಲ್ಲೋ ಅಂತ ಬೈತಾನೇ ಇದ್ದೆ. ಸುಮ್ಮನೆ ಬೈಸಿಕೊಳ್ಳೋನು” ಅಂದರು.

ಕಾಫಿ ಲೋಟ ಕೆಳಗಿಟ್ಟೆ.

“ವೈರಿಂಗ್ ಅಲ್ಲ ಕಣ್ರವ್ವಾ. ನನ್ನ ಉರುಳಿ. ಮೂರೂವರೆಗೆ ಎಳೀತೀನಿ ಅಂತ ಮಾತು ಕೊಟ್ಟಿದ್ದೆ, ಎಳೀಲಿಲ್ಲ. ಅವ್ರಿಗೆ ಗೊತ್ತಿತ್ತು.”

ಆಕೆ ಗೋಡೆಯ ಕೀ ಕಡೆ ನೋಡಿದರು. ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ಸಾಯೋ ಹಿಂದಿನ ವಾರದ ತನಕ ಬೈದೆನಲ್ಲಮ್ಮ ಅವನನ್ನ” ಅಂದರು.

ಆಕೆ ಎದ್ದು ಒಳಗೆ ಹೋದರು, ತಿರುಗಿ ಬರಲಿಲ್ಲ. ನಾನು ಲೋಟ ತೊಳೆದು ಬೋರಲು ಹಾಕಿ ಬಾಗಿಲು ಎಳೆದುಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಜು ಮೇಲೆ ಸಿಕ್ಕಿಕೊಂಡಿತ್ತು, ಇಳಿಯಲಿಲ್ಲ. ಯಾವ ವಾಸನೆಯೂ ಬರಲಿಲ್ಲ.

ಹೇಳಿದರೆ ಹಗುರವಾಗುತ್ತದೆ ಅನ್ನುತ್ತಾರೆ. ನನಗೆ ಆಗಲಿಲ್ಲ. ಹೇಳಬೇಕಾದವರಿಗೆ ಹೇಳದೆ ಇನ್ನೊಬ್ಬರ ತಲೆಗೆ ಹೊರಿಸಿ ಬಂದ ಹಾಗಾಯಿತು. ಮೇಷ್ಟ್ರು ಇಲ್ಲ. ಅವರು ನನ್ನ ಬಾಯಿಂದ ಕೇಳಬೇಕಿದ್ದ ಒಂದು ಮಾತು ಅವರಿಗೆ ಸಿಗಲೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಸೊಸೆ ಹುರುಳಿ ಹೊರೆ ಹೊತ್ತು ರಸ್ತೆಗೆ ಹೊರಟಳು. ನಮ್ಮ ಜಾಗದ ಎರಡು ಗಡಿಕಲ್ಲುಗಳನ್ನು ಅಷ್ಟರಲ್ಲಿ ನಾನು ಎತ್ತಿ ಮೋರಿಗೆ ಹಾಕಿದ್ದೆ. “ಇದೇನತ್ತೆ?” ಅಂದಳು. ಹೊರೆ ಹಿತ್ತಿಲಿಗೆ ತಗೊಂಡು ಹೋಗು ಅಂದೆ. ಹಿತ್ತಿಲಿನಲ್ಲಿ ನಮ್ಮ ಮಾವನ ಕಾಲದ ಕಣ ಇತ್ತು, ಹುಲ್ಲು ಬೆಳೆದು ಗುರುತೇ ಸಿಗದ ಹಾಗಾಗಿತ್ತು. ಹುಲ್ಲು ಕೆತ್ತಿ, ನೀರು ಚಿಮುಕಿಸಿ, ನೆಲ ಬಡಿದು, ಒಂದು ಮಂಕರಿ ಸಗಣಿ ಕಲಸಿ ಮಂಡಿಯೂರಿ ಸಾರಿಸಿದೆ. ಸೊಸೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ ನಿಂತಿದ್ದಳು. ಈ ವಯಸ್ಸಿನಲ್ಲಿ ಯಾಕೆ ಅಂತ ಕೇಳಿದಳು. ಇದು ಒಣಗುವಷ್ಟರಲ್ಲಿ ದೊಣ್ಣೆ ತಗೊಂಡು ಬಾ, ಹುರುಳಿ ಬಡಿಯೋಣ ಅಂದೆ.